ಸತ್ತ ಏಡಿಗಳ ಆರೋಗ್ಯ ಪ್ರಮಾಣಪತ್ರದ ಒಂಬತ್ತನೇ ಪುಟದ ಕುರಿತು

ಇವರಿಗೆ,
ಮಾನ್ಯ ತಪಾಸಣಾ ಅಧಿಕಾರಿಗಳು,
ಮೀನು, ಏಡಿ ಇತ್ಯಾದಿಗಳ ತಪಾಸಣಾ ಶೆಡ್ಡು,
ಫ್ರಾನ್ಸ್ ದೇಶದ ಬಂದರು

ಮಾನ್ಯರೇ,

ಕಡಲಿನ ಈಚೆ ದಡದಿಂದ, ಕಾರ್ನ್‌ವಾಲ್ ಸೀಮೆಯ ಪೊಲ್ವೆನ್ನರ್ ಎಂಬ ಪುಟ್ಟ ಬಂದರಿನಲ್ಲಿ ಏಡಿ ಹಿಡಿದು ಬದುಕುವ ಡೆನ್ಝಿಲ್ ಟ್ರೆವೆಲ್ಲಾ ಎಂಬ ಅರವತ್ತೊಂದು ವರ್ಷದವನ ವಿನಯಪೂರ್ವಕ ವಂದನೆಗಳು. ತಮ್ಮ ಎದೆಯ ಮೇಲಿನ ಬಿಲ್ಲೆಯಲ್ಲಿ ತಮ್ಮ ಹೆಸರನ್ನು ಓದಿದ್ದೆನಾದರೂ, ಅದರಲ್ಲಿ ಒಂದಕ್ಷರ ತಪ್ಪಿ ಬರೆದರೆ ಪತ್ರವೇ ಹಿಂದಿರುಗಿ ಬಂದೀತೆಂಬ ಭಯದಿಂದ ಹುದ್ದೆಯನ್ನಷ್ಟೇ ಬರೆದಿದ್ದೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ; ಏಡಿಗಳ ವಿಷಯದಲ್ಲಿ ಮಾತ್ರ ಹಾಗೆ ಹೇಳುವಂತಿಲ್ಲ.

ತಮಗೆ ನನ್ನ ನೆನಪಿರಲಿಕ್ಕಿಲ್ಲ. ಕಳೆದ ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ ಬಿಳಿ ವ್ಯಾನಿನಲ್ಲಿ ನಲವತ್ತು ಪೆಟ್ಟಿಗೆ ಜೇಡ ಏಡಿಗಳನ್ನು ಒದ್ದೆ ಗೋಣಿ ಹೊದಿಸಿ ತಂದು, ತಮ್ಮ ಮುಂದೆ ಟೋಪಿ ತೆಗೆದು ನಿಂತವನು ನಾನು. ಜೇಡ ಏಡಿ ಎಂದರೆ ಉದ್ದ ಕಾಲಿನ, ಮೈಯೆಲ್ಲ ಮುಳ್ಳಿನ ಪ್ರಾಣಿ. ನಮ್ಮೂರಿನವರು ಅದನ್ನು ಹಿಡಿಯುತ್ತಾರೆ, ತಿನ್ನುವುದಿಲ್ಲ. ತಮ್ಮ ದೇಶದವರು ತಿನ್ನುತ್ತಾರೆ. ಇಪ್ಪತ್ತಾರು ವರ್ಷ ನನ್ನ ಸಂಸಾರ ನಡೆದದ್ದು ಈ ಒಂದು ರುಚಿಭೇದದ ಮೇಲೆ. ಇಂಥವನೊಬ್ಬ ತನ್ನ ದೇಶ ಯುರೋಪ್ ಒಕ್ಕೂಟದಿಂದ ಹೊರಬರಬೇಕೆಂದು ಮತ ಹಾಕಿದನೆಂದರೆ ತಾವು ನಗಬಹುದು. ಸಂಕೋಚ ಬೇಡ, ನಗಿ. ನಾನು ಮತ ಹಾಕಿದ್ದಷ್ಟೇ ಅಲ್ಲ, ನಮ್ಮ ಪಬ್ಬಿನ ಕುರ್ಚಿಯ ಮೇಲೆ ಹತ್ತಿ ನಿಂತು ‘ನಮ್ಮ ಕಡಲು ನಮಗೆ!’ ಎಂದು ಭಾಷಣ ಮಾಡಿದವನು. ಕುರ್ಚಿಯ ಕಾಲು ಮುರಿಯಿತು. ಅದು ಶಕುನವೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಹೊರಬಂದ ಮೇಲೆ, ನಮ್ಮ ಏಡಿಗಳನ್ನು ಲಾರಿಯಲ್ಲಿ ಒಯ್ಯುತ್ತಿದ್ದ ಪಕ್ಕದೂರಿನವನು ನಾಲ್ಕೇ ತಿಂಗಳಲ್ಲಿ ಕೈಮುಗಿದ. “ಡೆನ್ಝಿಲ್, ಏಡಿಗಿಂತ ಕಾಗದಾನೇ ಜಾಸ್ತಿ ಹೊರ್ತಾ ಇದೀನಿ ಮಾರಾಯ, ನನ್ನ ಕೈಲಾಗಲ್ಲ” ಎಂದ. ಹೇಡಿ ಎಂದು ಅವನನ್ನು ಮನಸ್ಸಿನಲ್ಲೇ ಬೈದು, ನಾನೇ ಹೊರಟೆ. ಹೊರಡುವ ಮೊದಲು ಏಡಿಗಳು ಆರೋಗ್ಯವಾಗಿವೆಯೆಂದು ವೈದ್ಯರ ಪ್ರಮಾಣಪತ್ರ ಬೇಕಾಗಿತ್ತು. ನಮ್ಮೂರಿನಲ್ಲಿ ನಾಯಿ, ಕುದುರೆ ನೋಡುವ ವೈದ್ಯೆಯೊಬ್ಬರಿದ್ದಾರೆ. ಅವರು ಪೆಟ್ಟಿಗೆಯೊಳಗೆ ಇಣುಕಿ, “ಚುರುಕಾಗಿವೆ, ಒಂದು ನನ್ನ ಬೆರಳನ್ನೇ ಹಿಡಿದ್ಬಿಡ್ತು” ಎಂದು ಹದಿನಾಲ್ಕು ಪುಟಕ್ಕೂ ಸಹಿ ಹಾಕಿದರು. ನಾಳೆ ಕುದಿಯುವ ನೀರಿಗೆ ಬೀಳಬೇಕಾದ ಪ್ರಾಣಿ ಇಂದು ಸಂಪೂರ್ಣ ಆರೋಗ್ಯವಾಗಿರಬೇಕೆಂಬ ತಮ್ಮ ಒಕ್ಕೂಟದ ಕರುಣೆಗೆ ನಾನು ಅಂದೇ ತಲೆಬಾಗಿದೆ.

ತಮ್ಮ ಶೆಡ್ಡಿನಲ್ಲಿ ನಡೆದದ್ದನ್ನು ತಮಗೇ ವಿವರಿಸುವುದು ಅಧಿಕಪ್ರಸಂಗ. ಆದರೂ ಇದು ಬಹಿರಂಗ ಪತ್ರವಾದ್ದರಿಂದ ಬೇರೆಯವರಿಗೂ ತಿಳಿಯಲಿ. ತಾವು ಮೊದಲು ನನ್ನ ಬುತ್ತಿಯನ್ನು ತೆಗೆದುಕೊಂಡಿರಿ. ನನ್ನ ಹೆಂಡತಿ ಲವ್‌ಡೇ ದನದ ಮಾಂಸ, ಆಲೂಗಡ್ಡೆ ತುಂಬಿ ಕಡುಬಿನ ಹಾಗೆ ಅಂಚು ಮಡಿಚಿ ಬೇಯಿಸಿದ ಪೇಸ್ಟಿ ಅದು. ಹೊರದೇಶದ ಮಾಂಸ ಒಳಬರುವಂತಿಲ್ಲವೆಂದು ತಾವು ಕೈಗವಸು ತೊಟ್ಟು, ಅದನ್ನು ಹಾವು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಡಬ್ಬಿಗೆ ಹಾಕಿದಿರಿ. ಮೂವತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ನಾನೂ ಒಮ್ಮೊಮ್ಮೆ ಹಾಗೆ ಮಾಡಬೇಕೆಂದುಕೊಂಡದ್ದುಂಟು, ಧೈರ್ಯ ಬಂದಿರಲಿಲ್ಲ.

ಆಮೇಲೆ ತಾವು ಕಾಗದಗಳನ್ನು ಒಂದೊಂದಾಗಿ ತಿರುವಿದಿರಿ. ಒಂಬತ್ತನೇ ಪುಟದಲ್ಲಿ ತಮ್ಮ ಬೆರಳು ನಿಂತಿತು. ಉಳಿದೆಲ್ಲ ಸಹಿ ನೀಲಿಯಲ್ಲಿದ್ದವು. ಅಲ್ಲಿ ವೈದ್ಯೆಯ ಪೆನ್ನು ಮುಗಿದಿತ್ತೋ ಏನೋ, ಸಹಿ ಕಪ್ಪು ಶಾಯಿಯಲ್ಲಿತ್ತು. ಅಚ್ಚಿನ ಬಣ್ಣವೂ ಕಪ್ಪು, ಸಹಿಯ ಬಣ್ಣವೂ ಕಪ್ಪಾದರೆ ಅದು ಸಹಿಯೋ ಅಚ್ಚೋ ತಿಳಿಯುವುದು ಹೇಗೆಂದು ತಾವು ಕೇಳಿದಿರಿ. ನಾನು ಹೊಸ ಪುಟವನ್ನು ಊರಿನಿಂದ ಕಂಪ್ಯೂಟರಿನಲ್ಲಿ ತರಿಸಿದೆ. ಅಸಲು ಪ್ರತಿಯೇ ಬೇಕೆಂದಿರಿ. ಏಡಿಗಳ ಮೇಲೆ ಸ್ವಲ್ಪ ಸಮುದ್ರದ ನೀರು ಸುರಿಯಲೇ ಎಂದು ಬೇಡಿದೆ. ಅದಕ್ಕೆ ಬೇರೆ ಕಚೇರಿ ಎಂದಿರಿ, ಆ ಕಚೇರಿ ಊಟಕ್ಕೆ ಹೋಗಿತ್ತು. ಅಷ್ಟರಲ್ಲಿ ಬಿಸಿಲು ವ್ಯಾನಿನ ನೆತ್ತಿಗೆ ಬಂದಿತ್ತು. ಬೆಳಗಿನಿಂದ ಒಳಗೆ ಕೇಳುತ್ತಿದ್ದ ಕಾಲುಗಳ ಪರಪರ ಸದ್ದು ಒಂದೊಂದೇ ಪೆಟ್ಟಿಗೆಯಲ್ಲಿ ನಿಲ್ಲತೊಡಗಿತ್ತು.

ಆಗ ನಾನು ದನಿ ಏರಿಸಿದೆ. ಅದಕ್ಕಾಗಿ ಇಂದು ಕ್ಷಮೆ ಕೋರುತ್ತೇನೆ. “ಇದು ಸೇಡು! ನಾವು ಬಿಟ್ಟು ಹೋದ್ವಿ ಅಂತ ಹೊಸ ನಿಯಮ ಮಾಡ್ಕೊಂಡು ಹಿಂಸೆ ಕೊಡ್ತಿದೀರಿ!” ಎಂದು ಕೂಗಿದೆ. ತಾವು ಕನ್ನಡಕ ತೆಗೆದು, ಅಷ್ಟೇ ಸಮಾಧಾನವಾಗಿ ಹೇಳಿದ ಮಾತು ಇದು: “ಹೊಸದೇನಲ್ಲ, ಸ್ವಾಮಿ. ಹೊರಗಿನೋರಿಗೆ ಇರೋ ನಿಯಮ ಇದು, ಹಳೇದು. ಇದನ್ನ ಮಾಡುವಾಗ ನಿಮ್ಮೋರೂ ಒಳಗೇ ಕೂತು ಕೈ ಎತ್ತಿದ್ರು.”

ಮಾನ್ಯರೇ, ನನ್ನ ಜೀವನದಲ್ಲಿ ನನ್ನನ್ನು ಇಷ್ಟು ಮರ್ಯಾದೆಯಿಂದ ಯಾರೂ ಹೊಡೆದಿರಲಿಲ್ಲ.

ಬೇಲಿಯ ಆಚೆ ಬೆಳಗಿನಿಂದ ಒಬ್ಬ ಮುದುಕ ತನ್ನ ಲಾರಿಗೆ ಒರಗಿ ನಿಂತಿದ್ದನ್ನು ತಾವು ಗಮನಿಸಿರಬಹುದು. ಅವನು ಗೂಲ್ವೆನ್, ತಮ್ಮದೇ ಫ್ರಾನ್ಸಿನ ಬ್ರಿಟನಿ ಸೀಮೆಯ ಏಡಿ ವ್ಯಾಪಾರಿ, ಇಪ್ಪತ್ತಾರು ವರ್ಷದಿಂದ ನನ್ನ ಏಡಿ ಕೊಳ್ಳುತ್ತಿದ್ದವನು. ನನ್ನ ಮಗಳ ಮದುವೆಗೆ ಬಂದು ನಮ್ಮೂರಿನವರೆಲ್ಲರಿಗಿಂತ ಚೆನ್ನಾಗಿ ಕುಣಿದಿದ್ದ. ಅವನು ಒಳಗೆ ಬರುವಂತಿರಲಿಲ್ಲ, ನಾನು ಹೊರಗೆ ಹೋಗುವಂತಿರಲಿಲ್ಲ. ತಂತಿಯ ಎರಡು ಕಡೆ ನಿಂತು ಮಾತಾಡಿದೆವು. ತಮ್ಮನ್ನು ನಾನು ಬೈಯತೊಡಗಿದಾಗ ಅವನು ತಡೆದ.

“ಆ ಹೆಣ್ಮಗಳನ್ನ ಬೈಬೇಡ. ಅವಳು ಅವಳ ಕೆಲ್ಸ ಮಾಡ್ತಿದಾಳೆ.” ಆಮೇಲೆ ಬೂಟಿನಿಂದ ಮಣ್ಣು ಕೆದಕುತ್ತ ಹೇಳಿದ: “ಡೆನ್ಝಿಲ್, ಮುಂದಿನ ವಾರದಿಂದ ಐರ್ಲೆಂಡಿನೋರ ಹತ್ರ ತರಿಸ್ತೀನಿ ಕಣೋ. ಅವರು ಒಳಗಿನೋರು, ಕಾಗದದ ಕಾಟ ಇಲ್ಲ. ಫೋನಲ್ಲಿ ಹೇಳೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಬಂದೆ.”

ಏಡಿಗಾಗಿ ಬಂದಿದ್ದಾನೆಂದುಕೊಂಡಿದ್ದೆ ನಾನು. ತಂತಿಯ ಸಂದಿಯಲ್ಲಿ ಎರಡು ಬೆರಳು ತೂರಿಸಿದ. ನಾನೂ ತೂರಿಸಿದೆ. ಕೈಕುಲುಕಲು ಅಷ್ಟೇ ಜಾಗವಿತ್ತು.

ನಲವತ್ತು ಪೆಟ್ಟಿಗೆ ಹೆಣಗಳೊಂದಿಗೆ ಊರಿಗೆ ಬಂದೆ. ಆ ವಾರ ನಮ್ಮ ಊರ ಸಭಾಂಗಣದಲ್ಲಿ ಮೀನುಗಾರರ ದೂರು ಕೇಳಲು ರಾಜಧಾನಿಯಿಂದ ಇಲಾಖೆಯವರೊಬ್ಬರು ಬಂದಿದ್ದರು. ಹೊಳೆಯುವ ಬೂಟಿನ ಆ ಯುವಕ, ಇವೆಲ್ಲ ಮಗುವಿಗೆ ಹಲ್ಲು ಬರುವಾಗಿನ ಸಣ್ಣ ತೊಂದರೆಗಳು ಎಂದು ವಿವರಿಸಿದ. ಮುಂದಿನ ಸಾಲಿನಲ್ಲಿ ಕೂತಿದ್ದ, ಬಲೆ ಹೆಣೆದೇ ಎಂಬತ್ತು ದಾಟಿದ ಹೆಪ್ಸಿಬಾ ಅಜ್ಜಿ, “ಬರೋದು ಇರ್ಲಿ ಕಣಪ್ಪ, ಉದುರ್ತಾ ಇರೋದು ಯಾರ್ದು ಹೇಳು?” ಎಂದು ಬಾಯಿ ತೆರೆದು ತೋರಿಸಿದರು. ಹಿಂದಿನಿಂದ ಒಬ್ಬ ಇದೆಲ್ಲ ಫ್ರಾನ್ಸಿನವರ ಕುತಂತ್ರವೆಂದ. ಇನ್ನೊಬ್ಬ, ಬಿಟ್ಟದ್ದು ಸರಿ, ಬಿಟ್ಟ ರೀತಿ ಸರಿಯಿಲ್ಲವೆಂದ. ಮತ್ತೊಬ್ಬ, ಇನ್ನೂ ಜೋರಾಗಿ ಬಿಡಬೇಕಿತ್ತೆಂದ. ಎಲ್ಲರೂ ನನ್ನತ್ತ ತಿರುಗಿದರು. ಹೆಣಗಳ ಒಡೆಯ ನಾನೇ ತಾನೇ, ಭಾಷಣಕಾರನೂ ನಾನೇ.

ತಮ್ಮನ್ನು ಬೈಯಲೆಂದೇ ಎದ್ದೆ, ಮಾನ್ಯರೇ. ಬೈಗುಳವನ್ನು ವ್ಯಾನಿನಲ್ಲೇ ಕಂಠಪಾಠ ಮಾಡಿಕೊಂಡಿದ್ದೆ. ಆದರೆ ಬಾಯಿಗೆ ಬಂದದ್ದು ಬೇರೆ. “ನಾನೇ ಕಣ್ರೋ ಮಾಡ್ಕೊಂಡಿದ್ದು. ಯಾರೂ ಮೋಸ ಮಾಡ್ಲಿಲ್ಲ. ನನ್ನ ಏಡಿ ಎಲ್ಲಿಗೆ ಹೋಗತ್ತೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಿಡ್ಬೇಕು ಅಂತ ವೋಟು ಹಾಕ್ದೆ. ತಪ್ಪು ಮಾಡ್ದೆ.”

ಮೂವತ್ತು ವರ್ಷ ಬಂದರಿನಲ್ಲಿ ನನ್ನ ದೋಣಿಯ ಪಕ್ಕದಲ್ಲೇ ತನ್ನ ದೋಣಿ ನಿಲ್ಲಿಸುತ್ತ ಬಂದ ಪ್ಯಾಸ್ಕೋ, “ಕೂತ್ಕೋ, ಮಾನ ಕಳೀಬೇಡ” ಎಂದು ಎದ್ದು ಹೋದ. ಅವನು ಇಂದಿಗೂ ನನ್ನೊಡನೆ ಮಾತಾಡುವುದಿಲ್ಲ. ದೋಣಿಗಳ ಹಗ್ಗ ಸಿಕ್ಕಿಕೊಂಡರೆ ಬಿಡಿಸಿ, ಮುಖ ತಿರುಗಿಸುತ್ತಾನೆ. ಉಳಿದವರ ಕಥೆ ಇನ್ನೂ ವಿಚಿತ್ರ. ಮುಂದಿನ ವಾರವಿಡೀ ಒಬ್ಬೊಬ್ಬರಾಗಿ ಬಂದರು: ಒಬ್ಬ ಡೀಸೆಲ್ ಹಾಕಿಸುವಾಗ, ಒಬ್ಬ ಚರ್ಚಿನ ಗೋಡೆಯ ಮರೆಯಲ್ಲಿ, ಒಬ್ಬ ಹಲ್ಲಿನ ವೈದ್ಯರ ಬಳಿ ಅರ್ಧ ಬಾಯಿ ಮರಗಟ್ಟಿರುವಾಗ. “ನಂದೂ ಅದೇ ಕಣೋ. ಯಾರಿಗೂ ಹೇಳ್ಬೇಡ.” ಹನ್ನೊಂದು ಮಂದಿ. ನಾನು ಏಡಿ ವ್ಯಾಪಾರ ಬಿಟ್ಟು ಪಾಪನಿವೇದನೆ ಕೇಳುವ ಪಾದ್ರಿಯಾಗಿದ್ದರೆ ಲಾಭವಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಅಲ್ಪ. ಜನಮತಗಣನೆಯ ದಿನ ನಾನು ಸಂಪೂರ್ಣ ಆರೋಗ್ಯವಾಗಿದ್ದೆನೇ ಎಂಬುದರ ಬಗ್ಗೆ ಒಂದು ಪ್ರಮಾಣಪತ್ರ ಕೊಡಿಸಿಕೊಡಬೇಕು. ನೀಲಿ ಶಾಯಿಯೇ ಇರಲಿ. ಎರಡನೆಯದು, ನಮ್ಮ ದೇಶದಲ್ಲಿ ಮತದ ಗುರುತು ಹಾಕುವುದು ದಾರಕ್ಕೆ ಕಟ್ಟಿದ ಸೀಸದಕಡ್ಡಿಯಲ್ಲಿ. ತಮ್ಮಂಥ ನಿಷ್ಠಾವಂತರೊಬ್ಬರು ಅಂದು ನಮ್ಮೂರ ಮತಗಟ್ಟೆಯಲ್ಲಿ ಕೂತಿದ್ದರೆ, ‘ಶಾಯಿಯಲ್ಲ, ಅಸಲೂ ಅಲ್ಲ’ ಎಂದು ನನ್ನ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಡಬ್ಬಿಗೆ ಹಾಕುತ್ತಿದ್ದರು. ಮುಂದಿನ ಸಲವಾದರೂ ತಮ್ಮನ್ನು ಎರವಲು ಕೊಡಬೇಕೆಂದು ತಮ್ಮ ಮೇಲಧಿಕಾರಿಗಳಲ್ಲಿ ಪ್ರಾರ್ಥಿಸುತ್ತೇನೆ.

ಈಗ ನಾನು ವಾರಕ್ಕೆ ಎರಡೇ ದಿನ ಕಡಲಿಗೆ ಇಳಿಯುತ್ತೇನೆ. ಏಡಿ ಹಿಡಿಯುವ ಬೋನುಗಳಲ್ಲಿ ಅರ್ಧ ಬಂದರಿನ ಕಟ್ಟೆಯ ಮೇಲೆ ಒಣಗುತ್ತಿವೆ. ಹಿಡಿದ ಜೇಡ ಏಡಿಯನ್ನು ಲವ್‌ಡೇ ಬೇಯಿಸಿ ಅಡುಗೆಮನೆಯ ಕಿಟಕಿಯಲ್ಲಿ ಮಾರುತ್ತಾಳೆ. ಊರಿನವರು ಮೊದಲು ಮೂಗು ಮುರಿದರು. ಈಗ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಾರೆ, ಇಷ್ಟು ವರ್ಷ ಇದನ್ನೆಲ್ಲ ಆಚೆ ದಡದವರಿಗೆ ಕೊಟ್ಟು ಮೋಸ ಮಾಡಿದೆನೆಂದು ನನ್ನನ್ನೇ ಬೈಯುತ್ತಾರೆ. ನಮ್ಮ ಕಡಲು ನಮಗಾಗಿದೆ, ಮಾನ್ಯರೇ. ಒಂದು ಕಿಟಕಿಯಷ್ಟಗಲ.

ಇಂತು, ತಮ್ಮ ಒಕ್ಕೂಟದವನಲ್ಲದಿದ್ದರೂ
ತಮ್ಮ ವಿಶ್ವಾಸಿಯೇ ಆದ,
ಡೆನ್ಝಿಲ್ ಟ್ರೆವೆಲ್ಲಾ

ತಾ.ಕ.: ಲವ್‌ಡೇಯ ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದವರು. ನನಗೆ ಒಂದು ಮಾತೂ ಹೇಳದೆ ಅರ್ಜಿ ಹಾಕಿದ್ದಳಂತೆ. ಕಳೆದ ಸೋಮವಾರ ಅವಳಿಗೆ ಐರಿಷ್ ಪಾಸ್‌ಪೋರ್ಟ್ ಬಂದಿದೆ. ನಮ್ಮ ಮದುವೆಗೆ ನಲವತ್ತು ವರ್ಷ ತುಂಬುವ ಸೆಪ್ಟೆಂಬರಿನಲ್ಲಿ ತಮ್ಮ ಬಂದರಿಗೆ ಇಬ್ಬರೂ ಬರುತ್ತೇವೆ. ಅವಳು ಒಳಗಿನವರ ಸಾಲಿನಲ್ಲಿ ಎರಡು ನಿಮಿಷದಲ್ಲಿ ದಾಟಿಬಿಡುತ್ತಾಳೆ. ಅವಳಿಗೆ ಮೊಣಕಾಲು ನೋವು. ದಯಮಾಡಿ ಒಂದು ಕುರ್ಚಿ ಕೊಡಿ. ಅವಳ ಗಂಡ ಬರುವುದು ತಡವಾಗುತ್ತದೆ.