ಹೊಸ್ತಿಲಿನ ಆಚೆ ಟೀಚರ್, ಈಚೆ ಅವ್ವ

ನನ್ನ ಅತ್ತೆ ಒಬ್ಬಳಲ್ಲ, ಇಬ್ಬರು. ಹಾಗೆಂದ ಮಾತ್ರಕ್ಕೆ ಅಪ್ಪನಿಗೆ ಇಬ್ಬರು ತಂಗಿಯರಿದ್ದರು ಎಂದುಕೊಳ್ಳಬೇಡಿ. ತಂಗಿ ಒಬ್ಬಳೇ. ಆದರೆ ಮಾರಿಕಣಿವೆಯ ನೀರಾವರಿ ಇಲಾಖೆ ಕ್ವಾರ್ಟರ್ಸಿನ ಆ ಪುಟ್ಟ ಮನೆಯಲ್ಲಿ ಹೊಸ್ತಿಲಿನ ಒಳಗೆ ಒಬ್ಬಳಿದ್ದಳು, ಹೊರಗಿನ ಜಗಲಿಯಲ್ಲಿ ಇನ್ನೊಬ್ಬರಿದ್ದರು. ಇಬ್ಬರಿಗೂ ಮಾತುಕತೆ ಅಷ್ಟಕ್ಕಷ್ಟೆ. ನಂಬುವುದಿಲ್ಲವೆ? ಒಂದು ವಾರದ ಕಥೆ ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದಲ್ಲಿ ನಾನು ಐದನೆಯ ತರಗತಿ ನಪಾಸಾಗಿ ಮನೆಯ ಮಾನ ಕಳೆದಿದ್ದೆ. "ನನ್ನ ತಂಗಿ ಹತ್ರ ಬಿಟ್ಟು ಬರಾಣ, ಅವ್ಳು ಕತ್ತೆನೂ ಪಾಸ್ ಮಾಡಿಸ್ತಾಳೆ" ಎಂದು ಅಪ್ಪ ನನ್ನನ್ನು ಬಸ್ಸು ಹತ್ತಿಸಿದರು. ಕತ್ತೆ ಹೋಗಿ ಸೇರಿತು.

ಅತ್ತೆ ತನ್ನ ಮಕ್ಕಳನ್ನು ಶಾಲೆಗೆ ಕಳಿಸುತ್ತಿರಲಿಲ್ಲ, ಮನೆಯಲ್ಲೇ ಓದಿಸುತ್ತಿದ್ದಳು. ಹನ್ನೊಂದರ ಸ್ಯಾಮು, ಒಂಬತ್ತರ ಗ್ರೇಸಿ, ನಡುವೆ ಹತ್ತರ ನಾನು. ದೊಡ್ಡ ಶಾಲೆ ಇದ್ದದ್ದು ಹಿರಿಯೂರಿನಲ್ಲಿ, ಬಸ್ಸು ಬರುತ್ತಿದ್ದದ್ದು ಅದಕ್ಕೆ ಮನಸ್ಸಾದಾಗ. ಆದ್ದರಿಂದ ಅಲ್ಲಿದ್ದ ನಾಲ್ಕಾರು ಕ್ರೈಸ್ತ ಕುಟುಂಬಗಳು ಮಕ್ಕಳನ್ನು ದೂರದ ಬೋರ್ಡಿಂಗ್‌ಗೆ ಸೇರಿಸಿ ನಿಶ್ಚಿಂತೆಯಾಗಿದ್ದವು. ಅತ್ತೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ. ಅವಳೇ ಟೀಚರ್ ಟ್ರೈನಿಂಗ್ ಮುಗಿಸಿದವಳು.

ಅಣೆಕಟ್ಟಿನ ತೂಬು ತೆಗೆದು ಮುಚ್ಚುವ ಕೆಲಸದ ಮಾವ ನೀರಿನ ಹಾಗೆ ತಣ್ಣಗಿನ ಮನುಷ್ಯ. ಆದರೆ ಚರ್ಚಿನ ಸಭಾಪಾಲಕರ ಮಾತು ಕೇಳಿ ಅವರೂ ಬೋರ್ಡಿಂಗ್‌ಗೆಂದು ಒಂದು ತಗಡಿನ ಟ್ರಂಕು ತಂದು ಜಗಲಿಯ ಮೂಲೆಯಲ್ಲಿ ಇಟ್ಟಿದ್ದರು. ಅದರ ಮೇಲೆ ಬಿಳಿ ಬಣ್ಣದಲ್ಲಿ ಸ್ಯಾಮು, ಗ್ರೇಸಿ ಇಬ್ಬರ ಹೆಸರನ್ನೂ ಬರೆಸಿದ್ದರು. ಆ ಶನಿವಾರ ಶಾಲಾ ಇನ್ಸ್‌ಪೆಕ್ಟರು ಮನೆಗೇ ಬಂದು ಮಕ್ಕಳನ್ನು ಪರೀಕ್ಷಿಸುವುದೆಂದು ಗೊತ್ತಾಗಿತ್ತು. ಮೂವರೂ ಸರಿಯಾಗಿ ಉತ್ತರ ಹೇಳಿದರೆ ಮನೆಪಾಠ ಮುಂದುವರಿಯುತ್ತದೆ. ಒಬ್ಬರು ತಪ್ಪಿದರೂ ಜೂನ್‌ನಲ್ಲಿ ಟ್ರಂಕು ಹೊರಡುತ್ತದೆ. ಅತ್ತೆಗೂ ಮಾವನಿಗೂ ಆದ ಕರಾರು ಇದು.

ಸೋಮವಾರ ಬೆಳಗ್ಗೆ ಅತ್ತೆ ಒಲೆ ಆರಿಸಿ, ಕೈ ತೊಳೆದು, ಕನ್ನಡಕ ಹಾಕಿಕೊಂಡು ಹೊಸ್ತಿಲು ದಾಟಿದಳು. ದಾಟಿದ್ದೇ ತಡ, ಟೀಚರ್ ಆದರು! ನಾವು ಮೂವರೂ ಎದ್ದು ನಿಂತೆವು. ಟೀಚರ್ ಹಾಜರಿ ಕೂಗಿದರು. ಸ್ವಂತ ಮಕ್ಕಳ ಹೆಸರನ್ನು ಇನಿಷಿಯಲ್ ಸಮೇತ ಕೂಗುವ ತಾಯಿಯನ್ನು ನೀವು ಕಂಡಿದ್ದೀರಾ? ಜಗಲಿಯಲ್ಲಿ "ಅವ್ವಾ" ಎಂದು ಕರೆದರೆ ಉತ್ತರ ಬರುತ್ತಿರಲಿಲ್ಲ. ಟೀಚರ್ ಪುಸ್ತಕದ ಕನ್ನಡ ಮಾತನಾಡುತ್ತಿದ್ದರು, ನಗುತ್ತಿರಲಿಲ್ಲ. ಒಳಗಿನವಳು ನಗುತ್ತಿದ್ದಳು, ಮುದ್ದೆ ಬಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು.

ಮಂಗಳವಾರ ನನಗೆ ಭಿನ್ನರಾಶಿ ಕಂಡು ಹೊಟ್ಟೆನೋವು ಬಂತು. ರಜೆ ಕೇಳಿದೆ.

"ಅರ್ಜಿ ಬರೆಯಿರಿ. ಪೋಷಕರ ಸಹಿ ಇರಲಿ" ಎಂದರು ಟೀಚರ್.

ಬರೆದು ಒಳಗೆ ಹೋದೆ. ಟೀಚರ್ ಕನ್ನಡಕ ತೆಗೆದಿಟ್ಟು ನನ್ನ ಹಿಂದೆಯೇ ಒಳಗೆ ಬಂದು ಅತ್ತೆಯಾಗಿ ಅರ್ಜಿ ಕೈಗೆತ್ತಿಕೊಂಡರು. ಕನ್ನಡಕವಿಲ್ಲದೆ ಅತ್ತೆಗೆ ಒಂದಕ್ಷರವೂ ಕಾಣದು. ನಾನೇ ಓದಿ ಹೇಳಬೇಕಾಯಿತು.

"ಹೊಟ್ಟೆನೋವಾ? ಬೆಳಗ್ಗೆ ನಾಕು ರೊಟ್ಟಿ ಮುಗಿಸಿದ್ಯಲ್ಲೇ. ನಾಟಕ ಆಡ್ಬೇಡ, ಹೋಗು. ನಾನು ಸೈನ್ ಹಾಕಲ್ಲ."

ಪೆಚ್ಚುಮೋರೆ ಹಾಕಿಕೊಂಡು ಜಗಲಿಗೆ ಬಂದೆ. ಅಷ್ಟರಲ್ಲಿ ಟೀಚರ್ ಕನ್ನಡಕದೊಂದಿಗೆ ಕುರ್ಚಿಯಲ್ಲಿದ್ದರು. "ಮನೆಯವರು ಒಪ್ಪಲಿಲ್ಲವೆ? ಪಾಪ. ಕುಳಿತುಕೊಳ್ಳಿ, ಹದಿಮೂರನೆಯ ಲೆಕ್ಕ" ಎಂದರು.

ಬುಧವಾರ ಸಂಜೆ ನಮ್ಮಲ್ಲಿ ಮನೆಕೂಟದ ಪ್ರಾರ್ಥನೆ. ಅಕ್ಕಪಕ್ಕದ ಕುಟುಂಬಗಳು ಚಾಪೆ ಮೇಲೆ ಕುಳಿತವು. ಅತ್ತೆಗೆ ಒಂದು ಗಳಿಗೆಯೂ ವ್ಯರ್ಥವಾಗಬಾರದು. "ಕರ್ತನೇ, ಹದಿನೇಳೆಂಟ್ಲಿ ನೂರ ಮೂವತ್ತಾರು ಎಂಬುದನ್ನು ಈ ಮಗು ಮರೆಯದಂತೆ ಕೃಪೆಯಿರಲಿ" ಎಂದು ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿದಳು. ಇಡೀ ಕೂಟ ಭಕ್ತಿಯಿಂದ "ಆಮೆನ್" ಎಂದಿತು. ಇವತ್ತಿಗೂ ಆ ಒಂದು ಸಾಲನ್ನು ಮಾತ್ರ ನಾನು ಮರೆತಿಲ್ಲ.

ಗುರುವಾರ ಐಮಂಗಲದ ಕಡೆಯಿಂದ ಕುರಿ ಹೊಡೆದುಕೊಂಡು ಕೆಂಚಜ್ಜ ಬಂದ. ಟೀಚರ್ ಜಗಲಿಯಿಂದಲೇ ತಡೆದರು.

"ಅಜ್ಜ, ನಿಮ್ಮ ಕುರಿಗಳೆಷ್ಟು? ಮಕ್ಕಳು ಭಾಗಾಕಾರ ಮಾಡಬೇಕು."

"ಕುರಿ ಎಣಿಸಬಾರದ್ರಿ ಟೀಚರ್ರೆ, ದೃಷ್ಟಿ ಆಗ್ತೈತೆ."

"ಹಾಗಾದರೆ ಒಂದು ಕಳೆದುಹೋದರೆ ಹೇಗೆ ತಿಳಿಯುತ್ತದೆ?"

ಅಜ್ಜ ಕೋಲಿನ ಮೇಲೆ ಗದ್ದ ಊರಿ ನಮ್ಮನ್ನು ನೋಡಿದ. "ನಿಮ್ಮ ಹುಡುಗ್ರಾಗೆ ಒಂದು ಕಳುದ್ರೆ ಎಣಿಸಿ ನೋಡ್ತೀರೇನ್ರಿ? ಮುಖ ಕಾಣ್ಲಿಲ್ಲ ಅಂದ್ರೆ ಗೊತ್ತಾಗ್ತೈತೆ."

ಟೀಚರ್ ಮೂಲೆಯ ಟ್ರಂಕಿನ ಕಡೆ ನೋಡಿದರು. ಅದರ ಮೇಲೆ ಗ್ರೇಸಿ ಕಾಲು ಆಡಿಸುತ್ತಾ ಕುಳಿತಿದ್ದಳು. ಅವತ್ತು ಭಾಗಾಕಾರ ಮುಂದುವರಿಯಲಿಲ್ಲ.

ಶುಕ್ರವಾರ ಪೋಷಕರ ಸಭೆ! ಮಾವ ಕೆಲಸದಿಂದ ಬಂದು, ತಮ್ಮದೇ ಮನೆಯ ಜಗಲಿಯಲ್ಲಿ, ಟೋಪಿ ಕೈಯಲ್ಲಿ ಹಿಡಿದು ಮೇಜಿನ ಮುಂದೆ ನಿಂತರು.

"ನೋಡು, ನಂಗೇನೋ ಬೋರ್ಡಿಂಗೇ ವಾಸಿ ಅನ್ಸುತ್ತೆ" ಎಂದರು.

"ಶಾಲೆಯಲ್ಲಿ ಏಕವಚನ ಬೇಡ."

"ತಪ್ಪಾತ್ರಿ. ಬೋರ್ಡಿಂಗ್‌ನಾಗೆ ಶಿಸ್ತು ಐತೆ, ಊಟ ಐತೆ. ನೀವೊಬ್ರೆ ಎಷ್ಟು ಅಂತ ಬಡ್ಕಂತೀರಿ?"

"ಮಕ್ಕಳ ತಾಯಿಯವರ ಅಭಿಪ್ರಾಯವನ್ನೂ ಕೇಳಬೇಕಾಗುತ್ತದೆ" ಎಂದು ಟೀಚರ್ ಕನ್ನಡಕ ತೆಗೆದು ಒಳಗೆ ಹೋದರು. ಮಾವ ನಿಂತೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಟೀಚರ್ ಹೊರಬಂದು, "ಕೇಳಿದೆ. ಅವರು ಸುತರಾಂ ಒಪ್ಪುವುದಿಲ್ಲವಂತೆ" ಎಂದರು. ಮಾವ ನಿಟ್ಟುಸಿರು ಬಿಟ್ಟು ಟೋಪಿ ಹಾಕಿಕೊಂಡರು.

ಶನಿವಾರ ಬಂತು. ಇನ್ಸ್‌ಪೆಕ್ಟರು ಹೊಸಬರು, ದಪ್ಪ ಮೀಸೆಯವರು. "ಬರ್ರಿ ಸಾರ್, ಕುಂತ್ಕಳ್ರಿ" ಎಂದು ಮಾವ ಟೀಚರ್ ಕುರ್ಚಿಯನ್ನೇ ಅವರಿಗೆ ಕೊಟ್ಟರು. ಟೀಚರ್ ಗೋಡೆಗೆ ಒರಗಿ ನಿಂತರು. ಹೇಳಿಕೊಡುವುದಿಲ್ಲ ಎಂದು ಅವರು ಮೊದಲೇ ಮಾತು ಕೊಟ್ಟಿದ್ದರು. ಸ್ಯಾಮು ನದಿಗಳನ್ನೆಲ್ಲ ಹರಿಸಿದ. ನನಗೆ ಕೇಳಿದ್ದು, ದೇವರ ದಯೆ, ಹದಿನೇಳರ ಮಗ್ಗಿ! ಎಂಟ್ಲಿಗೆ ಬಂದಾಗ ಅಭ್ಯಾಸಬಲದಿಂದ "ಆಮೆನ್" ಎಂದುಬಿಟ್ಟೆ. ಇನ್ಸ್‌ಪೆಕ್ಟರು ಮೀಸೆಯಲ್ಲೇ ನಕ್ಕರು.

ಆಮೇಲೆ ಗ್ರೇಸಿಯ ಸರದಿ. "ಎರಡು ತೂಬು ತೆಗೆದರೆ ಆರು ಗಂಟೆಯಲ್ಲಿ ಖಾಲಿಯಾಗೋ ಕೆರೆ, ಮೂರು ತೂಬು ತೆಗೆದ್ರೆ ಎಷ್ಟು ಗಂಟೆಯಲ್ಲಿ ಖಾಲಿ ಆಗುತ್ತಮ್ಮ?"

ಗ್ರೇಸಿಗೆ ಬಾರದ ಲೆಕ್ಕವೇನಲ್ಲ. ಆದರೆ ಅವಳು ಟ್ರಂಕಿನ ಮೇಲೆ ಬರೆದಿದ್ದ ತನ್ನ ಹೆಸರನ್ನು ನೋಡಿದಳು. ಅಳು ಬಂದುಬಿಟ್ಟಿತು. ಟೀಚರ್ ಕೈ ಕಟ್ಟಿಕೊಂಡು ಗೋಡೆಯಂತೆಯೇ ನಿಂತಿದ್ದರು. ಕಟ್ಟಿದ ಕೈಯ ಬೆರಳುಗಳು ಬಿಳಿಚಿಕೊಂಡಿದ್ದವು.

ಗ್ರೇಸಿ ಅವರ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಟೀಚರ್, ಒಂದು ನಿಮಿಷ ನಮ್ಮ ಅವ್ವನ್ನ ಕರೀತೀರಾ?"

ಇನ್ಸ್‌ಪೆಕ್ಟರಿಗೆ ಏನು ಗೊತ್ತು? "ಒಳಗೆ ಇದ್ರೆ ಕರೀರಿ, ಪಾಪ, ಮಗು ಹೆದರಿದೆ" ಎಂದರು.

ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋದರು. ಮಡಕೆಯಿಂದ ನೀರು ಮೊಗೆದ ಸದ್ದಾಯಿತು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಅತ್ತೆ ಹೊರಗೆ ಬಂದಳು. ಜಗಲಿಗೆ ಅತ್ತೆಯಾಗಿಯೇ ಬಂದದ್ದು ನಾನು ಕಂಡಂತೆ ಅದೇ ಮೊದಲು. ನೆಲಕ್ಕೆ ಕುಳಿತು ಮಗಳನ್ನು ಮಡಿಲಿಗೆ ಎಳೆದುಕೊಂಡಳು.

"ಏನಾತು ನನ್ನವ್ವ? ಟೀಚರ್ ಬೈದ್ರಾ?"

"ಇಲ್ಲ, ಟೀಚರ್ ಒಳ್ಳೇರು. ಲೆಕ್ಕ ತಪ್ಪಿದ್ರೆ ನನ್ನ ಬೋರ್ಡಿಂಗ್‌ಗೆ ಕಳಿಸ್ತಾರೆ."

"ತಪ್ಪಲಿ ಬಿಡು. ತಪ್ಪಿದ್ರೂ ನೀನು ನನ್ನ ಮಗಳೇ ಅಲ್ವಾ? ಅಳು ಮುಗಿಸ್ಕಂಡು ನಿಧಾನಕ್ಕೆ ಹೇಳು."

ಗ್ರೇಸಿ ಅವಳ ಸೆರಗಿನಲ್ಲೇ ಮೂಗು ಒರೆಸಿಕೊಂಡಳು. "ನಾಕು ಗಂಟೆ. ಆದ್ರೆ ಅಪ್ಪ ಮೂರು ತೂಬು ತೆಗ್ಯಲ್ರಿ ಸಾರ್, ಮೇಲಿಂದ ಆರ್ಡರ್ ಬರ್ಬೇಕು."

ಇನ್ಸ್‌ಪೆಕ್ಟರು ಗಹಗಹಿಸಿ ನಕ್ಕು ಕಾಗದ ಮುಂದಿಟ್ಟರು. ಶಿಕ್ಷಕರ ಸಹಿಗೆ ಒಂದು ಜಾಗ, ಪೋಷಕರ ಸಹಿಗೆ ಒಂದು ಜಾಗ. ಅತ್ತೆ ಮೊದಲನೆಯದನ್ನು ಕನ್ನಡಕ ಹಾಕಿಕೊಂಡು ಮಾಡಿದಳು. ಎರಡನೆಯದನ್ನು ಕನ್ನಡಕ ತೆಗೆದು, ಅಂದಾಜಿನ ಮೇಲೆ, ಗೆರೆಯಿಂದ ಆಚೆಗೆಲ್ಲೋ ಹಾಕಿದಳು. ಮಾವ ಯಾರೂ ಹೇಳದೆಯೇ ಟ್ರಂಕನ್ನು ಎತ್ತಿ ಅಡುಗೆಮನೆಗೆ ಒಯ್ದು ರಾಗಿ ತುಂಬಲು ಇಟ್ಟರು.

ಮರುದಿನ ಪ್ರಾರ್ಥನೆಗೆಂದು ಹಿರಿಯೂರಿಗೆ ಹೊರಟ ಬಸ್ಸಿನಲ್ಲಿ ಅತ್ತೆಯ ಪಕ್ಕ ಕುಳಿತಿದ್ದೆ. ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಅತ್ತೆ, ನೀವು ಯಾಕೆ ಹಿಂಗೆ ಇಬ್ರಾಗ್ತೀರಿ?"

ಅತ್ತೆ ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತಾ ಹೇಳಿದಳು. "ಆರು ವರ್ಷಕ್ಕೇ ನನ್ನ ಬೋರ್ಡಿಂಗ್‌ಗೆ ಹಾಕಿದ್ರು ಕಣೇ. ಅಲ್ಲೂ ಒಳ್ಳೆ ಟೀಚರ್ ಇದ್ರು. ಆದ್ರೆ ಅಳು ಬಂದಾಗ ಅವ್ವನ್ನ ಕರೀರಿ ಅನ್ನಾಕೆ ಒಳಗೆ ಯಾರೂ ಇರ್ಲಿಲ್ಲ."