ಮಾವನ ಅರ್ಧ ಮೀಸೆ: ಡ್ರ್ಯಾಗ್ ರೇಸ್ ಮ್ಯಾನೇಜರರ ಗಮನಕ್ಕೆ

ಡ್ರ್ಯಾಗ್ ರೇಸ್ ಮೈದಾನದ ಮ್ಯಾನೇಜರ್ ಸಾಹೇಬರಾದ ಮಾನ್ಯರೇ,

ತಮ್ಮ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಬದುಕುತ್ತಿರುವ ಕ್ಷೌರದಂಗಡಿಯವನು ಕತ್ತಿ ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವೂ ತಮ್ಮ ಕಾರುಗಳೂ ಕ್ಷೇಮವೆಂಬುದು ಇಡೀ ಬೀದಿಗೇ ಕೇಳಿಸುತ್ತಿರುವುದರಿಂದ ಕ್ಷೇಮ ವಿಚಾರಿಸುವ ಅಗತ್ಯ ಕಾಣಲಿಲ್ಲ.

ಅರ್ಥ ತಿಳಿಯದೆ ದೂರಬಾರದೆಂದು ಮೊದಲು ವಿಚಾರಿಸಿದೆ. ಡ್ರ್ಯಾಗ್ ಎಂದರೆ ಎಳೆಯುವುದು ಎಂದರು ನನ್ನ ಗಿರಾಕಿ ಮೇಷ್ಟ್ರು. ಗೋಡೆ ಮೇಲಿಂದ ಇಣುಕಿದರೆ ಯಾರೂ ಏನನ್ನೂ ಎಳೆಯುತ್ತಿರಲಿಲ್ಲ. ಹಿಂದೆ ಅಮೆರಿಕದಲ್ಲಿ ಪೇಟೆಯ ದೊಡ್ಡ ಬೀದಿಗೇ ಆ ಹೆಸರಿತ್ತು, ಪಡ್ಡೆಗಳು ಅಲ್ಲಿ ಪಂದ್ಯ ಕಟ್ಟುತ್ತಿದ್ದರು ಎಂದರು ತಮ್ಮ ಟಿಕೆಟ್ ಗುಮಾಸ್ತರು, ಅವರಿಗೂ ಖಾತ್ರಿಯಿಲ್ಲ. ಅಂತೂ ನಿಂತಲ್ಲಿಂದ ಹೊರಟ ಎರಡು ಕಾರುಗಳು ಕಾಲು ಮೈಲಿ ನೇರಕ್ಕೆ ನುಗ್ಗುತ್ತವೆ, ನಾವು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಷ್ಟು ಚುರುಕಾಗಿ ಕೆಲಸ ಮುಗಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ, ಅಭಿನಂದನೆಗಳು.

ಆದರೆ ಕಳೆದ ವಾರ ಓಟ ಶುರುಮಾಡುವ ಹಸಿರು ದೀಪ ಹತ್ತಿ ತಮ್ಮ ಕಾರುಗಳು ಅಬ್ಬರಿಸಿದಾಗ ನನ್ನ ಕುರ್ಚಿಯಲ್ಲಿದ್ದವರು ಹೆಣ್ಣು ಕೊಟ್ಟ ಮಾವ. ಅವರು ಬೆಚ್ಚಿಬಿದ್ದರು, ಕತ್ತಿ ಜಾರಿತು, ಯೌವನದಿಂದ ಎಣ್ಣೆ ತೀಡಿ ಸಾಕಿದ ಮೀಸೆಯ ಎಡಭಾಗ ಹೊದಿಸಿದ ಬಟ್ಟೆಯ ಮೇಲೆ ಬಿತ್ತು. "ನಮ್ಮಪ್ಪನ ಮೀಸೇನೇ ಬೇಕಿತ್ತಾ ನಿಮ್ಗೆ?" ಎಂದು ನನ್ನಾಕೆ ಗಂಟುಮೂಟೆ ಕಟ್ಟಿ ತವರಿಗೆ ಹೋದಳು. ಅಪ್ಪ ಕ್ಷಮಿಸುವವರೆಗೆ ಬರುವುದಿಲ್ಲವಂತೆ.

ತಮ್ಮನ್ನು ದಬಾಯಿಸಲೆಂದು ಮಾವನನ್ನು ನಾನೇ ಕಳಿಸಿದೆ. ತಾವೋ ಮುಂದಿನ ಸಾಲಿನಲ್ಲಿ ಕೂರಿಸಿ, ಟೀ ಕುಡಿಸಿ, ಕೊರಳಿಗೆ ಪಾಸ್ ಹಾಕಿ ಕಳಿಸಿದಿರಿ. "ಅಬ್ಬಬ್ಬಾ, ಏನ್ ಓಟ ಅಂತೀರಾ!" ಎಂದು ಉಳಿದರ್ಧ ಮೀಸೆ ತಿರುವುತ್ತಾ ಅವರೀಗ ಊರೆಲ್ಲ ಸುತ್ತುತ್ತಿದ್ದಾರೆ. ತಾವು ದೊಡ್ಡ ಮನುಷ್ಯರಂತೆ, ಅಳಿಯ ಮಾತ್ರ ಕೈ ನಡುಗುವ ದಂಡಪಿಂಡವಂತೆ. ಹೊಟ್ಟೆ ಉರಿಯುತ್ತದೆ ಸ್ವಾಮೀ, ಅವಳಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಆದ್ದರಿಂದ ದಯಮಾಡಿ, ಕಾರುಗಳನ್ನು ತಳ್ಳಿಕೊಂಡೇ ಓಡುವಂತೆ ಚಾಲಕರಿಗೆ ಅಪ್ಪಣೆ ಕೊಡಬೇಕು. ಆಗದಿದ್ದರೆ ತಮ್ಮಲ್ಲಿರುವಂಥದೇ ದೀಪದ ಕಂಬವೊಂದನ್ನು ನನ್ನ ಕನ್ನಡಿಯ ಪಕ್ಕ ನೆಡಿಸಿಕೊಡಬೇಕು, ಹಸಿರಿಗೆ ಮೊದಲು ಹತ್ತುವ ಹಳದಿ ಕಂಡೊಡನೆ ಕತ್ತಿ ಎತ್ತಿಬಿಡುತ್ತೇನೆ. ಅದೂ ಆಗದಿದ್ದರೆ "ಅಳಿಯನ ತಪ್ಪೇನೂ ಇಲ್ಲ" ಎಂದು ತಾವೇ ಮೈಕಿನಲ್ಲಿ ಸಾರಬೇಕು. ಮಾವ ಈಗ ಕೇಳುವುದು ತಮ್ಮ ಮಾತೊಂದನ್ನೇ.

ಗಿರಾಕಿಗಳ ಕಿವಿಗಳನ್ನು ಇಲ್ಲಿಯವರೆಗೆ ಜೋಡಿಯಾಗಿಯೇ ಉಳಿಸಿಕೊಟ್ಟಿರುವ,
ತಮ್ಮ ವಿಶ್ವಾಸಿ,
ಗೋಡೆಯಾಚೆಯ ಕ್ಷೌರಿಕ

ಮರೆತ ಮಾತು: ಬಹುಮಾನ ಹಂಚುವಾಗ ಮುಖ ನುಣ್ಣಗಿರಲೆಂದು ಭಾನುವಾರ ಶೇವಿಂಗಿಗೆ ಬರುವುದಾಗಿ ಹೇಳಿಕಳಿಸಿದ್ದೀರಿ. ಅವಶ್ಯ ಬನ್ನಿ. ಮೊದಲ ಪಂದ್ಯದ ಹೊತ್ತಿಗೇ ಕುರ್ಚಿ ಕಾದಿರಿಸಿದ್ದೇನೆ. ಹಸಿರು ದೀಪದ ಗುಂಡಿ ಒತ್ತುವ ಗೌರವವನ್ನು ಅಂದು ತಾವು ಕೊಟ್ಟಿರುವುದು ನಮ್ಮ ಮಾವನಿಗಂತೆ.