ಬಿಲ್ ಯಾರ ಹೆಸರಿಗೆ?

ಮೂಳೆ ಡಾಕ್ಟರ ಹತ್ತಿರ ಯಾರೂ ನಗುವುದಕ್ಕೆ ಬರುವುದಿಲ್ಲ. ಆದರೂ ಜಯಲಕ್ಷ್ಮಿಪುರಂನ ನಮ್ಮ ಕ್ಲಿನಿಕ್ಕಿನಲ್ಲಿ ನಗು ಬರಿಸುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಡೆಯುವಾಗ ಮಾತ್ರ ನಗುವ ಹಾಗಿರುವುದಿಲ್ಲ. ಒಳಗೆ ಡಾಕ್ಟರು ಚೀಟಿ ಬರೆಯುತ್ತಾರೆ. ಹೊರಗಿನ ಕೌಂಟರಿನಲ್ಲಿ ನಾನು ಸೊಂಟದ ಬೆಲ್ಟು, ಕತ್ತಿನ ಪಟ್ಟಿ, ಊರುಗೋಲು, ವಾಕರ್ ಎಲ್ಲವನ್ನೂ ಅಳತೆ ನೋಡಿ ಕೊಟ್ಟು ಬಿಲ್ ಹಾಕುತ್ತೇನೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ನನ್ನದೊಂದು ಹಟವಿತ್ತು: ಸಾಮಾನು ಬಳಸುವವರು ಯಾರೋ ಅವರ ಹೆಸರಿಗೇ ಬಿಲ್. ಈ ಹಟಕ್ಕೆ ಡಾಕ್ಟರೂ ಸ್ವಲ್ಪ ಹೆದರುತ್ತಿದ್ದರು.

ಹೋಗಿ ಬನ್ನಿ

ಕೆಲಸಕ್ಕೆ ಸೇರಿದ ಹೊಸತು. ಮನೆಯಲ್ಲಿ ಕಲಿತ ಮರ್ಯಾದೆ ಬಿಡಲಾಗದೆ, ಹೊರಟವರಿಗೆಲ್ಲ "ಹೋಗಿ ಬನ್ನಿ" ಅನ್ನುತ್ತಿದ್ದೆ. ಕಾಲಿನ ಕಟ್ಟು ಬಿಚ್ಚಿಸಿಕೊಂಡು ಸಂತೋಷವಾಗಿ ಹೊರಟಿದ್ದ ಹೆಂಗಸೊಬ್ಬರು ಬಾಗಿಲಲ್ಲೇ ನಿಂತುಬಿಟ್ಟರು.

"ಇಲ್ಲಿಗೆ ಮತ್ತೆ ಬಾ ಅಂತೀಯಲ್ಲಮ್ಮ! ಬಿಡ್ತು ಅನ್ನು."

ಬಿಡ್ತು ಅಂದೆ. ತಪ್ಪು ತಿದ್ದಿಕೊಂಡು, ಅವರ ಹಿಂದೆಯೇ ಹೊರಟ ತಾತನಿಗೆ ಬರೀ "ಹೋಗಿ ಸಾರ್" ಅಂದೆ. ಅವರು ಹೊಸ ಊರುಗೋಲನ್ನು ನೆಲಕ್ಕೆ ಕುಟ್ಟಿದರು.

"ಎಲ್ಲಿಗಮ್ಮ ಹೋಗಲಿ? ಬೆಟ್ಟದ ತಪ್ಪಲಿನ ಸ್ಮಶಾನಕ್ಕಾ?"

ಅವತ್ತಿನಿಂದ ಬರುವುದೂ ಬೇಡ, ಹೋಗುವುದೂ ಬೇಡ ಅಂತ ಎಲ್ಲರಿಗೂ "ಹುಷಾರು" ಎಂದಷ್ಟೇ ಹೇಳುತ್ತೇನೆ.

ಶರ್ಟಿನ ಮೇಲೆ

ಕಡಕೊಳದ ಕಾರ್ಖಾನೆಯಲ್ಲಿ ಮೂಟೆ ಎತ್ತುವ ಒಬ್ಬರಿಗೆ ಸೊಂಟದ ಬೆಲ್ಟು ಕೊಟ್ಟಿದ್ದೆ. ಶರ್ಟಿನ ಒಳಗೆ, ಬನಿಯನ್ನಿನ ಮೇಲೆ ಬಿಗಿಯಾಗಿ ಕಟ್ಟಬೇಕು ಅಂತ ಎರಡೆರಡು ಸಲ ತೋರಿಸಿದ್ದೆ. ವಾರ ಬಿಟ್ಟು ಬಂದರು. ಬೆಲ್ಟು ಶರ್ಟಿನ ಮೇಲೆ, ದಫೇದಾರನ ಪಟ್ಟಿಯ ಹಾಗೆ ರಾರಾಜಿಸುತ್ತಿತ್ತು. ನನಗೆ ರೇಗಿತು.

"ಎಷ್ಟು ಸಲ ಹೇಳಿದ್ದೆ ಒಳಗಡೆ ಕಟ್ಟಿ ಅಂತ?"

"ಒಳಗಡೆ ಕಟ್ಕಂಡ್ರೆ ನೋವು ನಂಗೊಬ್ಬನಿಗೇ ಗೊತ್ತಾಯ್ತದೆ ಮೇಡಂ. ಈಗ ನೋಡಿ, ಸೂಪರ್‌ವೈಸರ್‌ಗೂ ಗೊತ್ತಾಯ್ತು. ಮೂಟೆ ಎತ್ತೋದು ಬುಡು, ಲೆಕ್ಕ ಬರ್ಕೊ ಅಂದವ್ರೆ."

"ನೋವು ಹೇಗಿದೆ?"

"ಅದು ಹೋಗೇಬುಡ್ತು. ಬೆಲ್ಟ್ ಮಾತ್ರ ಬಿಚ್ಚೋ ಅಂಗಿಲ್ಲ."

ಎರಡು ಕಾಲು

ಇದು ಪಿ.ಟಿ. ಮೇಷ್ಟರ ಪ್ರಸಂಗ. ಊರಿನ ಅರ್ಧ ಗಂಡಸರನ್ನು ಒಂದು ಸೀಟಿಯಲ್ಲಿ ನೆಟ್ಟಗೆ ನಿಲ್ಲಿಸಿದ್ದವರು. ವಯಸ್ಸು ಎಂಬತ್ತರ ಹತ್ತಿರ. ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದರು. ಇನ್ನೊಂದು ಸಲ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ವಾಕರ್ ಬರೆದುಕೊಟ್ಟರೆ, ಚೀಟಿಯನ್ನು ಮಡಚಿ ಜೇಬಿಗೆ ತುರುಕಿ ನಡೆದುಬಿಟ್ಟರು.

ಮರುದಿನ ಅದೇ ಚೀಟಿ ಹಿಡಿದು ಅವರ ಹೆಂಡತಿ ಬಂದರು.

"ನನ್ನ ಹೆಸರಿಗೆ ಬರೆದುಕೊಡಮ್ಮ. ಬಿಲ್ ಓದದೆ ಅವರು ಮನೆಯೊಳಗೆ ಏನನ್ನೂ ಬಿಟ್ಟುಕೊಳ್ಳಲ್ಲ. ಅವರ ಹೆಸರು ಕಂಡರೆ ಮುಟ್ಟೋದೂ ಇಲ್ಲ."

ಆಗಲ್ಲ ಅಂದೆ. ಆಕೆ ಕಣ್ಣು ಒರೆಸಿಕೊಂಡರು. "ಬಚ್ಚಲ ಬಾಗಿಲು ಹಾಕಿದ ಸದ್ದು ಕೇಳಿದ್ರೆ, ತೆಗೆಯೋವರೆಗೂ ನನಗೆ ಜೀವ ಇರಲ್ಲ ಕಣಮ್ಮ." ನನಗೆ ಸಂಕಟವಾಯಿತು. ಹಟ ಬಿಡಲೂ ಮನಸ್ಸಾಗದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಆಕೆಯ ಮಂಡಿ ಒತ್ತಿ ನೋಡಿ ಹೊಸ ಚೀಟಿ ಬರೆದರು. "ಈ ವಯಸ್ಸಿಗೆ ಮಂಡಿ ನೋವು ಅಂದರೆ ಸುಳ್ಳಾಗೋದಿಲ್ಲ, ಕೊಡಿ."

ತಿಂಗಳಾದ ಮೇಲೆ ಆಕೆಯೇ ಫೋನ್ ಮಾಡಿ ಹೇಳಿದರು. ಮೇಷ್ಟ್ರು ಬೆಳಗ್ಗೆ ಸಂಜೆ ವಾಕರ್ ಹಿಡಿದು ಮನೆಯೆಲ್ಲ ನಡೆಯುತ್ತಾರಂತೆ, ಬಚ್ಚಲಿಗೂ ಒಯ್ಯುತ್ತಾರಂತೆ. ಕೇಳಿದರೆ, "ನಿಂದು ಸುಮ್ಮನೆ ನಿಂತೇ ಇರುತ್ತಲ್ಲ, ಕೀಲು ಹಿಡಿದುಕೊಳ್ಳುತ್ತೆ. ಸ್ವಲ್ಪ ವ್ಯಾಯಾಮ ಮಾಡಿಸ್ತೀನಿ" ಅನ್ನುತ್ತಾರಂತೆ.

ಕಳೆದ ತಿಂಗಳು ಮೇಷ್ಟ್ರೇ ಬಂದರು, ಆಟೋದವರ ತೋಳು ಹಿಡಿದುಕೊಂಡು. ಕೌಂಟರಿಗೆ ಬಂದ ತಕ್ಷಣ ತೋಳು ಬಿಟ್ಟು ನೆಟ್ಟಗೆ ನಿಂತರು. ಒಂದು ಕೈ ಮಾತ್ರ ಕೌಂಟರಿನ ಅಂಚನ್ನು ಬಿಡಲಿಲ್ಲ.

"ಇನ್ನೊಂದು ವಾಕರ್ ಬೇಕು."

ಹೆಂಡತಿಗೆ ಈಗ ನಿಜವಾಗಿಯೂ ಮಂಡಿ ಹಿಡಿದುಕೊಂಡಿತ್ತು. ವಾಕರ್ ಆಕೆಗೆ ಹೋಗಿತ್ತು. ನಾಲ್ಕು ದಿನದಿಂದ ಇವರು ಗೋಡೆ ಹಿಡಿದು ಓಡಾಡುತ್ತಿದ್ದಾರೆ ಎಂದು ಆಟೋದವರು ಪಿಸುಗುಟ್ಟಿದರು.

ನಾನು ಪೆನ್ನು ತೆಗೆದೆ. "ಬಿಲ್ ಯಾರ ಹೆಸರಿಗೆ ಸಾರ್?"

"ಅವಳ ಹೆಸರಿಗೇ ಬರೀರಿ."

"ಒಬ್ಬರ ಹೆಸರಿಗೆ ಎರಡು ವಾಕರ್ ಹೇಗೆ ಬರೀಲಿ ಸಾರ್?"

ಮೇಷ್ಟ್ರು ನನ್ನನ್ನು ಡ್ರಿಲ್ ತಪ್ಪಿದ ಹುಡುಗಿಯ ಹಾಗೆ ನೋಡಿದರು. "ಯಾಕಮ್ಮ, ಅವಳಿಗೆ ಕಾಲು ಎರಡಿಲ್ವೇ?"

ಹದಿನಾಲ್ಕು ವರ್ಷದ ಹಟ ಅಲ್ಲಿಗೆ ಮುಗಿಯಿತು. ಆಕೆಯ ಹೆಸರಿಗೇ ಬರೆದೆ. ಇನ್ನು ವಾಕರಿನ ಎತ್ತರ ಹೊಂದಿಸಬೇಕಿತ್ತು. ಬಳಸುವವರ ಮಣಿಕಟ್ಟಿನ ಮಟ್ಟಕ್ಕೆ ಹಿಡಿ ಬರಬೇಕು. ನಾನು ಅದನ್ನು ಮೇಷ್ಟರ ಪಕ್ಕದಲ್ಲಿಟ್ಟು ಅಳೆದೆ. ಆಕೆ ಅವರ ಭುಜದಷ್ಟೂ ಇಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಅಳೆದು ಮುಗಿಯುವವರೆಗೆ ಅಟೆನ್ಷನ್‌ನಲ್ಲಿ ನಿಂತಿದ್ದರು.

ಆಮೇಲೆ ಬಿಲ್ಲನ್ನು ಪೂರ್ತಿ ಓದಿ ಜೇಬಿಗಿಟ್ಟುಕೊಂಡು, ವಾಕರ್ ಹಿಡಿದು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ ಬಾಗಿಲಿನತ್ತ ನಡೆದರು.

"ಹುಷಾರು ಸಾರ್" ಅಂದೆ.

ಅವರು ತಿರುಗಿ ನೋಡಲಿಲ್ಲ.

"ಹೇಳ್ತೀನಿ ಅವಳಿಗೆ."